ಬ್ರಿಡ್ಜ್‌ನಲ್ಲಿರುವ ವಿಎಂಗಳಿಗೆ ಐಪಿ ಬರುತ್ತಿಲ್ಲ, ಹೋಸ್ಟ್‌ಗೆ ಮಾತ್ರ ಇದೆ. ಗುರುವಾರ ಪ್ರಾಕ್ಟಿಕಲ್ ಇದೆ

ತುಂಗಾತೀರ · ಸೋಮವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಲ್ಯಾಬ್‌ನಲ್ಲಿ ಒಂದು ಹಳೇ ಟವರ್ ಸರ್ವರ್ ಇದೆ. ಅದರ ಮೇಲೆ ಉಬುಂಟು 22.04, ಅದರಲ್ಲಿ ಕೆವಿಎಂ (ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಯಂತ್ರ, ಅಂದರೆ ವಿಎಂ, ಓಡಿಸುವ ವ್ಯವಸ್ಥೆ). ಮಕ್ಕಳ ಲಿನಕ್ಸ್ ಪ್ರಾಕ್ಟಿಕಲ್‌ಗೆ ಅಂತ 12 ವಿಎಂ ಇಟ್ಟಿದ್ದೇನೆ. ಸರ್ವರ್‌ನ ನೆಟ್‌ವರ್ಕ್ ಕಾರ್ಡ್ ಇಎನ್‌ಒ1. ಅದನ್ನು ಬಿಆರ್0 ಬ್ರಿಡ್ಜ್‌ಗೆ (ಸರ್ವರ್ ಒಳಗಿನ ಸಾಫ್ಟ್‌ವೇರ್ ಸ್ವಿಚ್) ಸೇರಿಸಿದ್ದೇನೆ, ವಿಎಂಗಳೆಲ್ಲ ಅದೇ ಬ್ರಿಡ್ಜ್‌ನಲ್ಲಿವೆ. ಐಪಿ ಕೊಡುವುದು ಲ್ಯಾಬ್‌ನ ರೌಟರ್, 192.168.10.1.

ಶುಕ್ರವಾರದವರೆಗೆ ಎಲ್ಲ ಸರಿ ಇತ್ತು. ಇವತ್ತು ಬೆಳಿಗ್ಗೆಯಿಂದ ಒಂದೇ ಒಂದು ವಿಎಂಗೂ ಐಪಿ ಬರುತ್ತಿಲ್ಲ. ಬೂಟ್ ಆಗುವಾಗ ನೆಟ್‌ವರ್ಕ್‌ಗೆ ಕಾಯುವ ಸಾಲಿನಲ್ಲೇ ಎರಡು ನಿಮಿಷ ನಿಂತು, ಆಮೇಲೆ ಲಾಗಿನ್ ಬರುತ್ತದೆ. ಒಳಗೆ ಹೋಗಿ ನೋಡಿದರೆ ಎಫ್‌ಇ80 ಅಂತ ಶುರುವಾಗುವ ಐಪಿವಿ6 ಮಾತ್ರ ಇದೆ. ಹೋಸ್ಟ್‌ಗೆ, ಅಂದರೆ ಸರ್ವರ್‌ಗೆ, ಮಾತ್ರ ಐಪಿ ಇದೆ, ಇಂಟರ್ನೆಟ್ ಕೂಡ ಇದೆ. ಲ್ಯಾಬ್‌ನ ಉಳಿದ 30 ಪಿಸಿಗಳೂ ಚೆನ್ನಾಗಿವೆ.

ಇದುವರೆಗೆ ಮಾಡಿದ್ದು: ಹೋಸ್ಟ್ ರೀಬೂಟ್, ರೌಟರ್ ರೀಬೂಟ್, ಕೇಬಲ್ ಬದಲು. ವಿಎಂ ಕಾರ್ಡ್‌ನ ಮಾಡೆಲ್ ವಿರ್ಟ್‌ಐಒದಿಂದ ಇ1000ಕ್ಕೆ ಬದಲಾಯಿಸಿದೆ. ಕೊನೆಗೆ ಹಳೇ 12 ವಿಎಂಗಳನ್ನೂ ಅಳಿಸಿ, ಹೊಸದಾಗಿ ಒಂದು ಇನ್‌ಸ್ಟಾಲ್ ಮಾಡಿ, ಅದರಿಂದಲೇ 12 ಕ್ಲೋನ್ ಮಾಡಿದೆ. ಅದೂ ಹಾಗೇ ಇದೆ. ಒಂದು ವಿಎಂ ಅನ್ನು ಕೆವಿಎಂ ನೋಡಿಕೊಳ್ಳುವ ಲಿಬ್‌ವಿರ್ಟ್‌ನ ಡಿಫಾಲ್ಟ್ ನ್ಯಾಟ್ ನೆಟ್‌ವರ್ಕ್‌ಗೆ (ಹೋಸ್ಟ್‌ನ ಹಿಂದೆ ಇರುವ ಒಳ ನೆಟ್‌ವರ್ಕ್) ಹಾಕಿದರೆ ತಕ್ಷಣ 192.168.122.ರ ಐಪಿ ಬರುತ್ತದೆ! ಆದರೆ ಹಾಗೆ ಬಿಟ್ಟರೆ ಮಕ್ಕಳು ತಮ್ಮ ಪಿಸಿಗಳಿಂದ ಅದಕ್ಕೆ ಲಾಗಿನ್ ಆಗೋಕೆ ಆಗುವುದಿಲ್ಲ. ಗುರುವಾರ ಬೆಳಿಗ್ಗೆ 9:30ಕ್ಕೆ ಪ್ರಾಕ್ಟಿಕಲ್ ಪರೀಕ್ಷೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಹಳೇ_ಸರ್ವರ್ · ಸೋಮವಾರ ಸಂಜೆ 7:15

ಮೇಡಂ, ಮೊದಲು ಇನ್ನೇನನ್ನೂ ಅಳಿಸಬೇಡಿ, ಇನ್ನೇನನ್ನೂ ರೀಇನ್‌ಸ್ಟಾಲ್ ಮಾಡಬೇಡಿ. ಹಾಗೆ ಮಾಡುವಾಗ ಇನ್ನೊಂದು ಹೊಸ ತೊಂದರೆ ಸೇರಿಕೊಳ್ಳುತ್ತದೆ. ಆಮೇಲೆ ಯಾವುದು ಹಳೇದು, ಯಾವುದು ಹೊಸದು ಅಂತ ಗೊತ್ತಾಗುವುದಿಲ್ಲ.

ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರ ಇದೆ. ನ್ಯಾಟ್‌ನಲ್ಲಿ ಐಪಿ ಬರುತ್ತದೆ ಅಂದರೆ ವಿಎಂ ಒಳಗಿನ ಸೆಟ್ಟಿಂಗ್ ಸರಿ ಇದೆ, ಅದು ಸರಿಯಾಗಿಯೇ ಕೇಳುತ್ತಿದೆ. ಪಿಸಿಗಳಿಗೆ ಬರುತ್ತದೆ ಅಂದರೆ ರೌಟರ್ ಕೊಡುತ್ತಿದೆ. ಕೇಳುವವನೂ ಇದ್ದಾನೆ, ಕೊಡುವವನೂ ಇದ್ದಾನೆ. ಮಧ್ಯದ ದಾರಿಯಲ್ಲಿ ಏನೋ ಆಗಿದೆ.

ಐಪಿ ತಾನಾಗಿ ಹಂಚುವ ಪದ್ಧತಿಗೆ ಡಿಎಚ್‌ಸಿಪಿ ಅಂತ ಹೆಸರು. ಅದು ನಡೆಯುವುದು ನಾಲ್ಕು ಮಾತಿನಲ್ಲಿ. 1997ರ ಆರ್‌ಎಫ್‌ಸಿ 2131 ಅನ್ನುವ ಇಂಟರ್ನೆಟ್ ನಿಯಮದ ದಾಖಲೆಯಲ್ಲಿ ಬರೆದಿಟ್ಟಿದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ವಿಎಂ "ಯಾರಾದರೂ ಐಪಿ ಕೊಡುವವರು ಇದ್ದೀರಾ" ಅಂತ ಇಡೀ ಬೀದಿಗೆ ಕೇಳುವಂತೆ ಕೂಗುತ್ತದೆ. ಅದು ಡಿಸ್ಕವರ್. ಸರ್ವರ್ "ಈ ನಂಬರ್ ಖಾಲಿ ಇದೆ, ಬೇಕಾ" ಅನ್ನುವುದು ಆಫರ್. "ಸರಿ, ಅದೇ ಕೊಡಿ" ಅನ್ನುವುದು ರಿಕ್ವೆಸ್ಟ್. "ತಗೋ, ಇಷ್ಟು ಹೊತ್ತು ನಿನ್ನದು" ಅನ್ನುವುದು ಆಕ್. ಸರ್ವರ್ ಕಡೆ ಯುಡಿಪಿ ಪೋರ್ಟ್ 67, ಕ್ಲೈಂಟ್ ಕಡೆ 68. ಐಪಿ ಬರಲಿಲ್ಲ ಅಂದರೆ ಈ ನಾಲ್ಕರಲ್ಲಿ ಒಂದು ಎಲ್ಲೋ ಸತ್ತಿದೆ. ಯಾವುದು, ಎಲ್ಲಿ ಅಂತ ಕಣ್ಣಾರೆ ನೋಡುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು ಅನ್ನುವುದು ನನ್ನ ಪದ್ಧತಿ.

ಎರಡು ಕೆಲಸ ಮಾಡಿ.

ಒಂದು, ಒಂದು ವಿಎಂಗೆ ಕೈಯಾರೆ ಖಾಲಿ ಐಪಿ ಕೊಟ್ಟು ರೌಟರ್‌ಗೆ ಪಿಂಗ್ ಮಾಡಿ. ಪಿಂಗ್ ಆಗದಿದ್ದರೆ "ಐಪಿ ನೇಬರ್" ಕಮಾಂಡ್ ಕೊಟ್ಟು ರೌಟರ್‌ನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡ್‌ನ ಸ್ವಂತ ಗುರುತು ಸಂಖ್ಯೆ) ಸಿಕ್ಕಿದೆಯಾ ನೋಡಿ.

ಎರಡು, ಹೋಸ್ಟ್‌ನಲ್ಲಿ ಮೂರು ಟರ್ಮಿನಲ್ ತೆಗೆದು ಮೂರರಲ್ಲೂ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಕಮಾಂಡ್) ಓಡಿಸಿ, ಪೋರ್ಟ್ 67, 68 ಮಾತ್ರ. ಒಂದು ಆ ವಿಎಂನ ವಿನೆಟ್ (ಬ್ರಿಡ್ಜ್‌ಗೆ ಸೇರುವ ಅದರ ವರ್ಚುವಲ್ ತುದಿ) ಮೇಲೆ, ಒಂದು ಬಿಆರ್0 ಮೇಲೆ, ಒಂದು ಇಎನ್‌ಒ1 ಮೇಲೆ. ಯಾವ ವಿಎಂಗೆ ಯಾವ ವಿನೆಟ್ ಅಂತ "ವಿರ್ಷ್ ಡೊಮ್‌ಇಫ್‌ಲಿಸ್ಟ್" ಹೇಳುತ್ತದೆ. ಆಮೇಲೆ ಐಪಿ ತೆಗೆದು ವಿಎಂ ರೀಬೂಟ್ ಮಾಡಿ, ಡಿಸ್ಕವರ್ ಎಲ್ಲೆಲ್ಲಿ ಕಾಣುತ್ತದೆ ಬರೆಯಿರಿ.

(ಮೊಬೈಲ್‌ನಲ್ಲಿ ಬರೆಯುತ್ತಿದ್ದೇನೆ, ಕಮಾಂಡ್‌ಗಳೂ ಕನ್ನಡ ಅಕ್ಷರದಲ್ಲೇ ಇವೆ. ಅರ್ಥ ಆಗದಿದ್ದರೆ ಕೇಳಿ.)

ದೂರದೂರು · ಸೋಮವಾರ ರಾತ್ರಿ 8:02

ಜರ್ಮನಿಯಿಂದ ಬರೆಯುತ್ತಿದ್ದೇನೆ. ನಮ್ಮ ಆಫೀಸಿನಲ್ಲಿ ಇದೇ ಲಕ್ಷಣ ನೋಡಿದ್ದೇನೆ. ಅಲ್ಲಿ ತಪ್ಪು ಸ್ವಿಚ್‌ನದು. ಪೋರ್ಟ್ ಸೆಕ್ಯೂರಿಟಿ ಹಾಕಿ, ಒಂದು ಪೋರ್ಟ್‌ಗೆ ಒಂದೇ ಮ್ಯಾಕ್ ಅಂತ ಕಟ್ಟಿದ್ದರು. ಹೋಸ್ಟ್‌ನ ಮ್ಯಾಕ್ ಮೊದಲು ಕಾಣಿಸಿಕೊಂಡಿತು, ಅದಕ್ಕೆ ಒಪ್ಪಿಗೆ ಸಿಕ್ಕಿತು. ಬ್ರಿಡ್ಜ್‌ನಲ್ಲಿ ಪ್ರತಿ ವಿಎಂಗೂ ಅದರದೇ ಮ್ಯಾಕ್ ಇರುತ್ತದೆ ಅಲ್ವಾ, ಆ ಫ್ರೇಮ್‌ಗಳನ್ನೆಲ್ಲ ಸ್ವಿಚ್ ಬಿಸಾಕುತ್ತಿತ್ತು. ನ್ಯಾಟ್‌ನಲ್ಲಿ ಹೊರಗೆ ಹೋಗುವುದು ಹೋಸ್ಟ್‌ನ ಮ್ಯಾಕ್, ಹಾಗಾಗಿ ಅಲ್ಲಿ ಏನೂ ತೊಂದರೆ ಇರಲಿಲ್ಲ. ಮೇಡಂ, ವಾರಾಂತ್ಯದಲ್ಲಿ ಯಾರಾದರೂ ಸ್ವಿಚ್ ಬದಲಾಯಿಸಿದರಾ, ವಿಚಾರಿಸಿ.

ಕಡಲೆಪುರಿ · ಸೋಮವಾರ ರಾತ್ರಿ 8:30

ನನ್ನದೂ ಇದೇ ಥರದ ಪ್ರಶ್ನೆ, ಇಲ್ಲೇ ಕೇಳಬಹುದಾ ಅಣ್ಣ? ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ ಇದೆ, ಎರಡು ಉಬುಂಟು ಸರ್ವರ್ ವಿಎಂ. ಎರಡಕ್ಕೂ 10.0.2.15 ಅನ್ನೋ ಒಂದೇ ಐಪಿ ಬಂದಿದೆ. ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿದರೆ ತನಗೆ ತಾನೇ ಉತ್ತರ ಕೊಟ್ಟುಕೊಳ್ಳುತ್ತದೆ. ಹೋಸ್ಟ್-ಓನ್ಲಿ ಅಂತ ಎರಡನೇ ಅಡಾಪ್ಟರ್ ಹಾಕಿದೆ, ಅದಕ್ಕೆ ಐಪಿಯೇ ಬರಲಿಲ್ಲ.

ರಾತ್ರಿಪಾಳಿ · ಸೋಮವಾರ ರಾತ್ರಿ 9:10

@ಕಡಲೆಪುರಿ, ನಿನ್ನದು ಕೆಟ್ಟಿಲ್ಲ ಮಾರಾಯ. ವರ್ಚುವಲ್‌ಬಾಕ್ಸ್‌ನ ಸಾದಾ ನ್ಯಾಟ್‌ನಲ್ಲಿ ಪ್ರತಿ ವಿಎಂಗೂ ಅದರದೇ ಒಂದು ಪುಟ್ಟ ರೌಟರ್ ಇರುತ್ತದೆ. ಎಲ್ಲ ವಿಎಂಗೂ 10.0.2.15, ಗೇಟ್‌ವೇ 10.0.2.2, ಡಿಎನ್‌ಎಸ್ 10.0.2.3. ಒಂದಕ್ಕೆ ಇನ್ನೊಂದು ಕಾಣುವುದಿಲ್ಲ, ಅದಕ್ಕೇ ಜಗಳವೂ ಇಲ್ಲ. ವಿಎಂಗಳು ಪರಸ್ಪರ ಮಾತಾಡಬೇಕು ಅಂದರೆ "ನ್ಯಾಟ್ ನೆಟ್‌ವರ್ಕ್" ಅಂತ ಬೇರೆಯದೇ ಆಯ್ಕೆ ಇದೆ, ಅದನ್ನು ಹಾಕು. ಹೆಸರು ಒಂದೇ ಥರ ಇದ್ದರೂ ಎರಡೂ ಬೇರೆ.

ಹೋಸ್ಟ್-ಓನ್ಲಿಗೆ ಐಪಿ ಬರದಿರುವುದು ಉಬುಂಟು ಸರ್ವರ್‌ನಲ್ಲಿ ತುಂಬಾ ಸಾಮಾನ್ಯ. ಇನ್‌ಸ್ಟಾಲ್ ಮಾಡಿದಾಗ ಒಂದೇ ಕಾರ್ಡ್ ಇತ್ತು, ಇಎನ್‌ಪಿ0ಎಸ್3. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲ್‌ನಲ್ಲಿ ಅದರ ಹೆಸರು ಮಾತ್ರ ಇದೆ. ಆಮೇಲೆ ಹಾಕಿದ ಎರಡನೇ ಕಾರ್ಡ್ ಇಎನ್‌ಪಿ0ಎಸ್8 ಅಂತ ಬರುತ್ತದೆ. ಅದಕ್ಕೆ ಐಪಿ ಕೇಳು ಅಂತ ಯಾರೂ ಹೇಳಿಲ್ಲ, ಅದು ಸುಮ್ನೆ ಕೂತಿದೆ. ಫೈಲ್‌ನಲ್ಲಿ ಆ ಹೆಸರು ಸೇರಿಸಿ, ಡಿಎಚ್‌ಸಿಪಿ4 ಟ್ರೂ ಅಂತ ಹಾಕಿ, "ನೆಟ್‌ಪ್ಲಾನ್ ಅಪ್ಲೈ" ಕೊಡು. ಟ್ಯಾಬ್ ಬಳಸಬೇಡ, ಸ್ಪೇಸ್ ಮಾತ್ರ. 192.168.56.ರಲ್ಲಿ ಒಂದು ಐಪಿ ಬರಬೇಕು, ಹೊಸದಾಗಿ ಹಾಕಿದ್ದಾದರೆ ಸಾಮಾನ್ಯವಾಗಿ 101ರಿಂದ ಶುರು.

ಇದೇ ಕಾರಣಕ್ಕೆ ವರ್ಚುವಲ್‌ಬಾಕ್ಸ್‌ನ ಡಿಸ್ಕನ್ನು ಎತ್ತಿ ಕೆವಿಎಂಗೋ ವಿಎಂವೇರ್‌ಗೋ ಹಾಕಿದಾಗಲೂ ಐಪಿ ಹೋಗುತ್ತದೆ. ಅಲ್ಲಿ ಅದೇ ಕಾರ್ಡಿಗೆ ಇಎನ್‌ಪಿ1ಎಸ್0 ಅಂತಲೋ ಇಎನ್‌ಎಸ್33 ಅಂತಲೋ ಹೆಸರು. ಫೈಲ್ ಮಾತ್ರ ಹಳೇ ಹೆಸರನ್ನೇ ಹಿಡಿದುಕೊಂಡಿರುತ್ತದೆ.

ಕಡಲೆಪುರಿ · ಸೋಮವಾರ ರಾತ್ರಿ 9:48

ಬಂತು ಅಣ್ಣ! 192.168.56.101, ಇನ್ನೊಂದಕ್ಕೆ 102. ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ ಇದೆ, ನಾಳೆ ಕೇಳುತ್ತೇನೆ, ಮೇಡಂ ಅವರದು ಮೊದಲು ಮುಗಿಯಲಿ.

ತುಂಗಾತೀರ · ಮಂಗಳವಾರ ಬೆಳಿಗ್ಗೆ 10:20

@ಹಳೇ_ಸರ್ವರ್ ಸರ್, ನೀವು ಹೇಳಿದ ಹಾಗೆ ಮಾಡಿದೆ. ಕಂಡಿದ್ದನ್ನು ಹಾಗೇ ಬರೆಯುತ್ತೇನೆ.

ವಿಎಂಗೆ ಕೈಯಾರೆ 192.168.10.240 ಕೊಟ್ಟೆ. ರೌಟರ್‌ಗೆ ಪಿಂಗ್ ಹೋಗಲಿಲ್ಲ. ಆದರೆ "ಐಪಿ ನೇಬರ್" ನೋಡಿದರೆ ರೌಟರ್‌ನ ಮ್ಯಾಕ್ ಇದೆ, ಪಕ್ಕದಲ್ಲಿ ರೀಚಬಲ್ ಅಂತಲೂ ಇದೆ. ಇನ್ನೊಂದು ವಿಎಂಗೆ 241 ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿದೆ. ಅಲ್ಲೂ ಮ್ಯಾಕ್ ಸಿಗುತ್ತದೆ, ಪಿಂಗ್ ಹೋಗುವುದಿಲ್ಲ.

ಟಿಸಿಪಿಡಂಪ್: ವಿನೆಟ್3ರಲ್ಲಿ ಡಿಸ್ಕವರ್ ಕಾಣುತ್ತದೆ, 52:54:00 ಅಂತ ಶುರುವಾಗುವ ಮ್ಯಾಕ್. ಬಿಆರ್0ದಲ್ಲೂ ಕಾಣುತ್ತದೆ. ಇಎನ್‌ಒ1ರಲ್ಲಿ ಏನೂ ಇಲ್ಲ. ಐದು ನಿಮಿಷ ಕಾದೆ, ವಿಎಂ ಮತ್ತೆ ಮತ್ತೆ ಕೇಳುತ್ತಲೇ ಇತ್ತು. ಇಎನ್‌ಒ1ರ ಟರ್ಮಿನಲ್ ಮಾತ್ರ ಖಾಲಿ.

ಸ್ವಿಚ್ ಯಾರೂ ಮುಟ್ಟಿಲ್ಲ. ಅದು ಬೀಗ ಹಾಕಿದ ರ್‍ಯಾಕ್‌ನಲ್ಲಿದೆ, ಕೀ ನನ್ನ ಹತ್ತಿರವೇ ಇದೆ. ನಾನೂ ಸರ್ವರ್‌ನಲ್ಲಿ ಏನೂ ಬದಲಾಯಿಸಿಲ್ಲ.

ಹಳೇ_ಸರ್ವರ್ · ಮಂಗಳವಾರ ಬೆಳಿಗ್ಗೆ 10:45

ತುಂಬಾ ಚೆನ್ನಾಗಿ ನೋಡಿದ್ದೀರಿ ಮೇಡಂ. ಹೀಗೆ ಬರೆದರೆ ಉತ್ತರ ಹೇಳುವವರ ಕೆಲಸ ಅರ್ಧ ಕಮ್ಮಿ.

ಡಿಸ್ಕವರ್ ಹೋಸ್ಟ್‌ನ ಒಳಗೇ ಸಾಯುತ್ತಿದೆ. ಕಾರ್ಡ್‌ವರೆಗೂ ಬರುತ್ತಿಲ್ಲ. ಅಂದಮೇಲೆ ಸ್ವಿಚ್, ರೌಟರ್, ಕೇಬಲ್ ಮೂರೂ ಬಿಟ್ಟುಬಿಡಿ. @ದೂರದೂರು ಹೇಳಿದ ಪೋರ್ಟ್ ಸೆಕ್ಯೂರಿಟಿ ನಿಜವಾಗಿಯೂ ಆಗುವಂಥದ್ದೇ. ಆದರೆ ಅದಾಗಿದ್ದರೆ ಇಎನ್‌ಒ1ರಲ್ಲಿ ಡಿಸ್ಕವರ್ ಕಾಣಬೇಕಿತ್ತು. ರೌಟರ್‌ನ ಮ್ಯಾಕ್ ಕೂಡ ಸಿಗಬಾರದಿತ್ತು.

ಮ್ಯಾಕ್ ಸಿಗುತ್ತದೆ, ಪಿಂಗ್ ಹೋಗುವುದಿಲ್ಲ. ಇದೇ ಇಡೀ ಕಥೆಯ ಬೀಗದ ಕೈ. ಮ್ಯಾಕ್ ಕೇಳುವುದು ಎಆರ್‌ಪಿ, ಅದು ಐಪಿ ಪ್ಯಾಕೆಟ್ ಅಲ್ಲ. ಪಿಂಗ್ ಐಪಿ. ಡಿಎಚ್‌ಸಿಪಿಯೂ ಐಪಿ. ಬ್ರಿಡ್ಜ್ ಎಆರ್‌ಪಿಯನ್ನು ದಾಟಿಸುತ್ತಿದೆ, ಐಪಿಯನ್ನು ತಡೆಯುತ್ತಿದೆ. ಸಾದಾ ಬ್ರಿಡ್ಜ್‌ಗೆ ಐಪಿ ಯಾವುದು ಅಂತಲೇ ಗೊತ್ತಿರುವುದಿಲ್ಲ, ಅದು ಫ್ರೇಮ್ ಸಾಗಿಸುತ್ತದೆ ಅಷ್ಟೇ. ನಡುವೆ ಯಾರೋ ಫೈರ್‌ವಾಲ್ ತಂದು ನಿಲ್ಲಿಸಿದ್ದಾರೆ. ಲಿನಕ್ಸ್‌ನಲ್ಲಿ ಫೈರ್‌ವಾಲ್ ನಿಯಮ ನೋಡುವ ಕಮಾಂಡ್ ಐಪಿಟೇಬಲ್ಸ್.

ಈಗ "ಐಪಿಟೇಬಲ್ಸ್ -ಎಲ್ ಫಾರ್ವರ್ಡ್ -ವಿ -ಎನ್" ಕೊಡಿ. ಮೊದಲ ಸಾಲಿನಲ್ಲಿ ಪಾಲಿಸಿ (ಯಾವ ನಿಯಮಕ್ಕೂ ಸಿಗದ ಪ್ಯಾಕೆಟ್‌ನ ಗತಿ) ಏನಿದೆ ಹೇಳಿ. "ಎಲ್‌ಎಸ್‌ಮಾಡ್"ನಲ್ಲಿ ಬಿಆರ್_ನೆಟ್‌ಫಿಲ್ಟರ್ ಅನ್ನುವ ಮಾಡ್ಯೂಲ್ ಇದೆಯಾ ಅದನ್ನೂ ನೋಡಿ.

ಬೆಣ್ಣೆದೋಸೆ · ಮಂಗಳವಾರ ಬೆಳಿಗ್ಗೆ 10:52

ಮೇಡಂ, ಆ ಸರ್ವರ್‌ನಲ್ಲಿ ಯಾರಾದರೂ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡಿದರಾ? ಉತ್ತರ ಬರುವ ಮೊದಲೇ ಹೇಳುತ್ತಿದ್ದೇನೆ, ಹತ್ತಕ್ಕೆ ಒಂಬತ್ತು ಪಾಲು ಅದೇ.

ತುಂಗಾತೀರ · ಮಂಗಳವಾರ ಬೆಳಿಗ್ಗೆ 11:30

ಪಾಲಿಸಿ ಡ್ರಾಪ್ ಅಂತ ಇದೆ. ಪಕ್ಕದಲ್ಲಿ ಪ್ಯಾಕೆಟ್ ಲೆಕ್ಕ ಇದೆ, ನಾನು ಎರಡನೇ ಸಲ ಕಮಾಂಡ್ ಕೊಡುವಷ್ಟರಲ್ಲಿ ಜಾಸ್ತಿ ಆಗಿತ್ತು. ಬಿಆರ್_ನೆಟ್‌ಫಿಲ್ಟರ್ ಕೂಡ ಇದೆ. ಕೆಳಗೆ ಡಾಕರ್-ಯೂಸರ್ ಅಂತೆಲ್ಲ ಸಾಲುಗಳಿವೆ, ನಾನು ಹಾಕಿದ್ದಲ್ಲ. ಆಪ್ಟ್‌ನ ಹಿಸ್ಟರಿ ಲಾಗ್ ತೆಗೆದು ನೋಡಿದೆ, ಶನಿವಾರ ಮಧ್ಯಾಹ್ನ ಡಾಕರ್ ಇನ್‌ಸ್ಟಾಲ್ ಆಗಿದೆ. ಕೊನೇ ವರ್ಷದ ಇಬ್ಬರು ಹುಡುಗರು ಪ್ರಾಜೆಕ್ಟ್‌ಗೆ ಅಂತ ಹಾಕಿದ್ದಾರೆ. ಕರೆದು ಕೇಳಿದೆ, ಒಪ್ಪಿಕೊಂಡರು, ಪಾಪ ಅವರಿಗೆ ಇದು ಹೀಗಾಗುತ್ತದೆ ಅಂತ ಗೊತ್ತೇ ಇರಲಿಲ್ಲ. ಅವರ ಪ್ರಾಜೆಕ್ಟ್‌ಗೂ ಡಾಕರ್ ಬೇಕೇ ಬೇಕು, ತೆಗೆಯೋಕೆ ಆಗುವುದಿಲ್ಲ. ಡಾಕರ್‌ಗೂ ನನ್ನ ಬ್ರಿಡ್ಜ್‌ಗೂ ಏನು ಸಂಬಂಧ?

ಬೆಣ್ಣೆದೋಸೆ · ಮಂಗಳವಾರ ಮಧ್ಯಾಹ್ನ 12:05

ಸಂಬಂಧ ಇರಬಾರದು, ಆದರೆ ಇದೆ. ಕೇಳಿ.

ಡಾಕರ್ ತನ್ನ ಕಂಟೇನರ್‌ಗಳ ರಕ್ಷಣೆಗೆ ಅಂತ ಫಾರ್ವರ್ಡ್ ಚೈನ್‌ನ (ಹೋಸ್ಟ್ ಮೂಲಕ ಹಾದು ಬೇರೆ ಕಡೆ ಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿ) ಪಾಲಿಸಿಯನ್ನು ಡ್ರಾಪ್ ಮಾಡುತ್ತದೆ. 2017ರ ಆರಂಭದಲ್ಲಿ ಬಂದ 1.13ನೇ ಆವೃತ್ತಿಯಿಂದ ಹೀಗೆ. ಅಂದರೆ "ಯಾರಿಗೂ ದಾರಿ ಇಲ್ಲ, ನಾನು ಹೆಸರು ಹೇಳಿದವರಿಗೆ ಮಾತ್ರ" ಅಂತ. ಅದರ ಜೊತೆಗೆ ಎಷ್ಟೋ ಆವೃತ್ತಿಗಳಲ್ಲಿ ಬಿಆರ್_ನೆಟ್‌ಫಿಲ್ಟರ್ ಮಾಡ್ಯೂಲ್ ಕೂಡ ಲೋಡ್ ಆಗುತ್ತದೆ. ಈ ಮಾಡ್ಯೂಲ್ ಇಲ್ಲದಿದ್ದರೆ ಬ್ರಿಡ್ಜ್ ಮೇಲೆ ಹೋಗುವ ಫ್ರೇಮ್‌ಗಳು ಐಪಿಟೇಬಲ್ಸ್ ಕಣ್ಣಿಗೇ ಬೀಳುವುದಿಲ್ಲ. ಇದು ಬಂದ ಮೇಲೆ ಆ ಹೋಸ್ಟ್‌ನ ಎಲ್ಲ ಬ್ರಿಡ್ಜ್‌ಗಳ ಐಪಿ ಪ್ಯಾಕೆಟ್‌ಗಳೂ ಫಾರ್ವರ್ಡ್ ಚೈನ್ ಮೂಲಕ ಹಾದು ಹೋಗಬೇಕು. ಡಾಕರ್‌ನ ಬ್ರಿಡ್ಜ್ ಮಾತ್ರ ಅಲ್ಲ, ನಿಮ್ಮ ಬಿಆರ್0 ಕೂಡ. ಅಲ್ಲಿ ಬಿಆರ್0 ಹೆಸರಲ್ಲಿ ಯಾವ ನಿಯಮವೂ ಇಲ್ಲ. ಕೊನೆಗೆ ಡ್ರಾಪ್.

ಹಾಗಾದರೆ ನ್ಯಾಟ್ ನೆಟ್‌ವರ್ಕ್ ಹೇಗೆ ಬದುಕಿತು? ಅಲ್ಲಿ ಐಪಿ ಕೊಡುವ ಡಿಎನ್‌ಎಸ್‌ಮಾಸ್ಕ್ ಹೋಸ್ಟ್ ಒಳಗೇ ಇದೆ. ಪ್ಯಾಕೆಟ್ ಹೋಸ್ಟ್‌ಗೇ ಬರುವುದು, ಫಾರ್ವರ್ಡ್ ಆಗಬೇಕಾಗಿಯೇ ಇಲ್ಲ. ಹೊರಗೆ ಹೋಗುವ ಟ್ರಾಫಿಕ್‌ಗೆ ಲಿಬ್‌ವಿರ್ಟ್ ತನ್ನದೇ ಒಪ್ಪಿಗೆ ಸಾಲುಗಳನ್ನು ಹಾಕಿಕೊಂಡಿರುತ್ತದೆ. ನೀವು ಕೈಯಾರೆ ಮಾಡಿದ ಬಿಆರ್0ಗೆ ಹಾಗೆ ನೋಡಿಕೊಳ್ಳುವವರು ಯಾರೂ ಇಲ್ಲ.

ಪರಿಹಾರ ಒಂದೇ ಸಾಲು. ಡಾಕರ್-ಯೂಸರ್ ಚೈನ್ ಇರುವುದೇ ನಮ್ಮ ನಿಯಮಗಳಿಗೆ, ಡಾಕರ್ ಅದನ್ನು ಮುಟ್ಟುವುದಿಲ್ಲ. ಅದರ ತಲೆಗೆ ಹಾಕಿ: "ಐಪಿಟೇಬಲ್ಸ್ -ಐ (ದೊಡ್ಡಕ್ಷರ) ಡಾಕರ್-ಯೂಸರ್ -ಐ ಬಿಆರ್0 -ಒ ಬಿಆರ್0 -ಜೆ ಆಕ್ಸೆಪ್ಟ್". ಬಿಆರ್0ಯಿಂದ ಬಂದು ಬಿಆರ್0ಗೇ ಹೋಗುವುದನ್ನು ಬಿಡು ಅಂತ ಅರ್ಥ. ತಕ್ಷಣ ಐಪಿ ಬರಬೇಕು.

ಗಾಳಿಪಟ · ಮಂಗಳವಾರ ಮಧ್ಯಾಹ್ನ 12:20

ಇಷ್ಟೆಲ್ಲ ಯಾಕೆ? ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್ ಅನ್ನೋ ಸಿಸ್‌ಕಂಟ್ರೋಲ್ (ಕರ್ನಲ್ ಸೆಟ್ಟಿಂಗ್) ಅನ್ನು 0 ಮಾಡಿಬಿಡಿ. ಇಲ್ಲ ಅಂದರೆ ಫಾರ್ವರ್ಡ್ ಪಾಲಿಸಿಯನ್ನೇ ಆಕ್ಸೆಪ್ಟ್ ಮಾಡಿ. ನಾನು ಹಾಗೇ ಮಾಡಿಕೊಂಡಿದ್ದೇನೆ, ಎರಡು ವರ್ಷದಿಂದ ತೊಂದರೆ ಇಲ್ಲ.

ಹಳೇ_ಸರ್ವರ್ · ಮಂಗಳವಾರ ಮಧ್ಯಾಹ್ನ 12:41

@ಗಾಳಿಪಟ, ನಿಮ್ಮ ಮನೆಯ ಯಂತ್ರಕ್ಕೆ ಸರಿ ಇರಬಹುದು. ಇಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ಪಾಲಿಸಿ ಆಕ್ಸೆಪ್ಟ್ ಮಾಡಿದರೆ ಡಾಕರ್ ಮತ್ತೆ ಶುರುವಾದಾಗ ಅದು ಪುನಃ ಡ್ರಾಪ್ ಆಗಬಹುದು. ಪರೀಕ್ಷೆ ನಡೆಯುತ್ತಿರುವಾಗ ಹಾಗಾದರೆ ಏನು ಗತಿ? ಇನ್ನು ಆ ಸಿಸ್‌ಕಂಟ್ರೋಲ್ 0 ಮಾಡಿದರೆ ಒಂದೇ ಬ್ರಿಡ್ಜ್‌ನ ಕಂಟೇನರ್‌ಗಳ ನಡುವೆ ಡಾಕರ್ ಹಾಕುವ ತಡೆಯೂ ಕೆಲಸ ಮಾಡುವುದಿಲ್ಲ. ಹುಡುಗರ ಪ್ರಾಜೆಕ್ಟ್ ಅದರ ಮೇಲೆ ನಿಂತಿದೆಯಾ ಇಲ್ಲವಾ ನಮಗೆ ಗೊತ್ತಿಲ್ಲ. ಬೇಕಾದ ಬಾಗಿಲು ಒಂದು. ಅದನ್ನು ಮಾತ್ರ ತೆಗೆದರೆ ಸಾಕು.

ತುಂಗಾತೀರ · ಮಂಗಳವಾರ ಮಧ್ಯಾಹ್ನ 1:15

ಬಂತು!! ಆ ಸಾಲು ಹಾಕಿ ಎಂಟರ್ ಒತ್ತಿದೆ, ಇಎನ್‌ಒ1ರ ಟರ್ಮಿನಲ್‌ನಲ್ಲಿ ಡಿಸ್ಕವರ್, ಆಫರ್, ರಿಕ್ವೆಸ್ಟ್, ಆಕ್ ನಾಲ್ಕೂ ಸಾಲು ಒಂದರ ಕೆಳಗೆ ಒಂದು ಬಂದವು. ಬೆಳಿಗ್ಗೆ ಖಾಲಿ ನೋಡಿದ್ದ ಜಾಗ ಅದು. ಸರ್, ಬೆಣ್ಣೆದೋಸೆ ಅವರೇ, ನಿಮ್ಮಿಬ್ಬರಿಗೂ ಮನಸಾರೆ ಧನ್ಯವಾದ. ಈಗ ಊಟಕ್ಕೆ ಹೋಗುತ್ತೇನೆ, ಬಂದು 12ನ್ನೂ ಆನ್ ಮಾಡುತ್ತೇನೆ.

ತುಂಗಾತೀರ · ಮಂಗಳವಾರ ಸಂಜೆ 5:50

ಕ್ಷಮಿಸಿ, ಇನ್ನೊಂದು ತೊಂದರೆ. 12 ವಿಎಂ ಆನ್ ಮಾಡಿದೆ. ಎಲ್ಲದಕ್ಕೂ 192.168.10.131 ಬಂದಿದೆ! ರೌಟರ್‌ನ ಪಟ್ಟಿಯಲ್ಲಿ ನೋಡಿದರೆ ಆ ಐಪಿಗೆ ಒಂದೇ ಸಾಲು. ಮ್ಯಾಕ್‌ಗಳು ಬೇರೆ ಬೇರೆ ಇವೆ, ಒಂದೊಂದಾಗಿ ಬರೆದುಕೊಂಡು ಹೋಲಿಸಿದೆ. ಇದನ್ನು ಮೊದಲು ಗಮನಿಸಿದ್ದೇ ವಿಚಿತ್ರವಾಗಿ. ಒಬ್ಬಳು ವಿದ್ಯಾರ್ಥಿನಿ ತನ್ನ ಪಿಸಿಯಿಂದ ಎಸ್‌ಎಸ್‌ಎಚ್‌ನಲ್ಲಿ ವಿಎಂಗೆ ಲಾಗಿನ್ ಆಗಿ ಒಂದು ಫೈಲ್ ಮಾಡಿದಳು. ಕನೆಕ್ಷನ್ ನಿಂತುಹೋಯಿತು. ಮತ್ತೆ ಲಾಗಿನ್ ಆದರೆ ಫೈಲ್ ಇಲ್ಲ. ಅವಳು ಬೇರೆಯೇ ವಿಎಂ ಒಳಗೆ ಹೋಗಿದ್ದಳು, ಯಾವ ಎಚ್ಚರಿಕೆಯೂ ಬರಲಿಲ್ಲ.

ರಾತ್ರಿಪಾಳಿ · ಮಂಗಳವಾರ ಸಂಜೆ 6:25

ಮೇಡಂ, ಇದು ಕ್ಲೋನ್ ಮಾಡಿದ್ದರ ಫಲ. ನೀವು ಮೊದಲಿನ ವಿಎಂಗಳನ್ನು ಒಂದೊಂದಾಗಿ ಇನ್‌ಸ್ಟಾಲ್ ಮಾಡಿದ್ದಿರಿ ಅನ್ನಿಸುತ್ತದೆ, ಅದಕ್ಕೇ ಆಗ ಹೀಗಾಗಿರಲಿಲ್ಲ.

ಡಿಎಚ್‌ಸಿಪಿ ಸರ್ವರ್ ಮ್ಯಾಕ್ ನೋಡಿ ಗುರುತು ಹಿಡಿಯುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಕ್ಲೈಂಟ್ ತನ್ನದೇ ಒಂದು ಗುರುತಿನ ಚೀಟಿ ಕಳಿಸಿದರೆ ಸರ್ವರ್ ಅದನ್ನೇ ನಂಬುತ್ತದೆ, ಮ್ಯಾಕ್ ಅಲ್ಲ. ಉಬುಂಟು ಸರ್ವರ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಆ ಚೀಟಿಯನ್ನು ಮಾಡುವುದು ಇಟಿಸಿ ಫೋಲ್ಡರ್‌ನ ಮೆಷಿನ್-ಐಡಿ ಫೈಲ್‌ನಿಂದ. ಅದರಲ್ಲಿ 32 ಅಕ್ಷರದ ಒಂದು ಸಾಲು ಇರುತ್ತದೆ. ಇನ್‌ಸ್ಟಾಲ್ ಆದಾಗ ಒಂದು ಸಲ ಹುಟ್ಟುತ್ತದೆ. ಕ್ಲೋನ್ ಮಾಡಿದಾಗ ಮ್ಯಾಕ್ ಹೊಸದಾಗುತ್ತದೆ, ಆ ಫೈಲ್ ಹಾಗೇ ನಕಲಾಗುತ್ತದೆ. ಹನ್ನೆರಡೂ ಒಂದೇ ಚೀಟಿ ತೋರಿಸುತ್ತಿವೆ. ರೌಟರ್ ಪಾಲಿಗೆ ಅದು ಒಬ್ಬನೇ ಮನುಷ್ಯ ಹನ್ನೆರಡು ಸಲ ಬಂದ ಹಾಗೆ, ಅವನ ನಂಬರನ್ನೇ ಕೊಡುತ್ತದೆ. ಎಸ್‌ಎಸ್‌ಎಚ್ ಎಚ್ಚರಿಕೆ ಕೊಡದಿದ್ದದ್ದೂ ಅದಕ್ಕೇ, ಯಂತ್ರದ ಗುರುತು ಹೇಳುವ ಹೋಸ್ಟ್ ಕೀ ಕೂಡ ಹನ್ನೆರಡರಲ್ಲೂ ಒಂದೇ.

ಈಗ ಇರುವ ವಿಎಂಗಳಲ್ಲಿ, ಒಂದೊಂದರಲ್ಲೂ "ಟ್ರಂಕೇಟ್ -ಎಸ್ 0" ಕೊಟ್ಟು ಆ ಫೈಲ್ ಖಾಲಿ ಮಾಡಿ ರೀಬೂಟ್ ಮಾಡಿ. ಫೈಲ್ ಅಳಿಸಬೇಡಿ, ಖಾಲಿ ಇರಬೇಕು. ಬೂಟ್ ಆಗುವಾಗ ಹೊಸದು ಹುಟ್ಟುತ್ತದೆ. ವಿಎಆರ್ ಕೆಳಗೆ ಡಿಬಸ್ ಫೋಲ್ಡರ್‌ನಲ್ಲೂ ಅದೇ ಹೆಸರಿನ ಫೈಲ್ ಇದೆ. ಸಾಮಾನ್ಯವಾಗಿ ಅದು ಇದಕ್ಕೇ ಲಿಂಕ್ ಆಗಿರುತ್ತದೆ, ಆಗ ಚಿಂತೆ ಇಲ್ಲ. ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ ಹೊಸದು ಮಾಡಿ. ಮುಂದಿನ ಸಲ ಕ್ಲೋನ್ ಮಾಡುವ ಮೊದಲು ಮೂಲ ವಿಎಂ ಆಫ್ ಮಾಡಿ "ವಿರ್ಟ್-ಸಿಸ್‌ಪ್ರೆಪ್" ಓಡಿಸಿದರೆ ಈ ಎರಡನ್ನೂ ಅದೇ ತೊಳೆದಿಡುತ್ತದೆ. ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್ ಮ್ಯಾಕ್ ಅಂತ ಹಾಕುವ ದಾರಿಯೂ ಇದೆ. ಆದರೆ ಮೆಷಿನ್-ಐಡಿ ಒಂದೇ ಇದ್ದರೆ ಬೇರೆ ಕಡೆಯೂ ತೊಂದರೆ ಬರುತ್ತದೆ, ಬೇರು ಕೀಳುವುದೇ ಒಳ್ಳೆಯದು.

ಕಡಲೆಪುರಿ · ಮಂಗಳವಾರ ರಾತ್ರಿ 9:00

ಅಣ್ಣ, ಕೇಳಬೇಕಿದ್ದ ಪ್ರಶ್ನೆ. ನಮ್ಮ ಪಿಜಿಯಲ್ಲಿ ವೈಫೈ ಮಾತ್ರ ಇರುವುದು. ಫ್ರೆಂಡ್ ಲ್ಯಾಪ್‌ಟಾಪ್‌ನಲ್ಲಿ ಕೆವಿಎಂ ಇದೆ. ಮೇಡಂ ಥರ ಬ್ರಿಡ್ಜ್ ಮಾಡೋಣ ಅಂತ ವೈಫೈ ಕಾರ್ಡ್ ಸೇರಿಸಲು ಹೋದರೆ "ಆಪರೇಷನ್ ನಾಟ್ ಸಪೋರ್ಟೆಡ್" ಅನ್ನುತ್ತದೆ.

ಹಳೇ_ಸರ್ವರ್ · ಮಂಗಳವಾರ ರಾತ್ರಿ 9:22

ಅದು ಆಗುವುದಿಲ್ಲಪ್ಪ, ಬಿಟ್ಟುಬಿಡಿ. ವೈಫೈನಲ್ಲಿ ಆಕ್ಸೆಸ್ ಪಾಯಿಂಟ್‌ಗೆ ಪರಿಚಯ ಇರುವುದು ಪಾಸ್‌ವರ್ಡ್ ಕೊಟ್ಟು ಒಳಗೆ ಬಂದ ಕಾರ್ಡ್‌ನ ಮ್ಯಾಕ್ ಮಾತ್ರ. ಅದರ ಬೆನ್ನ ಹಿಂದೆ ನಿಂತ ವಿಎಂ ಬೇರೆ ಮ್ಯಾಕ್‌ನಲ್ಲಿ ಮಾತಾಡಿದರೆ ಅದು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಲಿನಕ್ಸ್ ಮೊದಲೇ ಬೇಡ ಅನ್ನುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ವೈಫೈ ಬ್ರಿಡ್ಜ್ ನಡೆಯುವುದು ಅದು ಮಧ್ಯೆ ಕೂತು ಮ್ಯಾಕ್ ಬದಲಾಯಿಸುವುದರಿಂದ. ಫ್ರೆಂಡ್‌ಗೆ ಡಿಫಾಲ್ಟ್ ನ್ಯಾಟ್ ಬಳಸಲು ಹೇಳಿ. ಅದಕ್ಕೂ ಐಪಿ ಬರದಿದ್ದರೆ "ವಿರ್ಷ್ ನೆಟ್-ಲಿಸ್ಟ್ --ಆಲ್" ನೋಡಿ. ಇನ್‌ಆಕ್ಟಿವ್ ಅಂತ ಇದ್ದರೆ ನೆಟ್-ಸ್ಟಾರ್ಟ್, ನೆಟ್-ಆಟೋಸ್ಟಾರ್ಟ್ ಎರಡೂ ಕೊಡಿ.

ತುಂಗಾತೀರ · ಬುಧವಾರ ಮಧ್ಯಾಹ್ನ 12:10

ಮೆಷಿನ್-ಐಡಿ ಎಲ್ಲದರಲ್ಲೂ ಹೊಸದಾಯಿತು. 7 ವಿಎಂಗೆ ಬೇರೆ ಬೇರೆ ಐಪಿ ಬಂತು. ಉಳಿದ 5ಕ್ಕೆ ಏನೂ ಬಂದಿಲ್ಲ. ಈ ಸಲ ನಾನೇ ಮೊದಲು ಟಿಸಿಪಿಡಂಪ್ ಹಾಕಿದೆ. ಇಎನ್‌ಒ1ರಲ್ಲಿ ಡಿಸ್ಕವರ್ ಹೊರಗೆ ಹೋಗುತ್ತಿದೆ. ಆಫರ್ ವಾಪಸ್ ಬರುತ್ತಿಲ್ಲ. ಹಾಗಾದರೆ ರೌಟರ್ ನೋಡಬೇಕು ಅಂತ ಅದರ ಪುಟ ತೆಗೆದೆ. ಐಪಿ ಶ್ರೇಣಿ 100ರಿಂದ 149, ಅಂದರೆ 50. ಲೀಸ್ (ಕೊಟ್ಟ ಐಪಿ ಒಬ್ಬರಿಗೇ ಮೀಸಲಾಗಿರುವ ಅವಧಿ) ಏಳು ದಿನ. ಲೆಕ್ಕ ಹಾಕಿದೆ: ಪಿಸಿ 30, ನಾನು ಅಳಿಸಿದ ಹಳೇ ವಿಎಂಗಳ ಹೆಸರಲ್ಲಿ ಇನ್ನೂ 12, ನಿನ್ನೆಯ ಆ 131 ಒಂದು. ಒಟ್ಟು 43. ಉಳಿದಿದ್ದು 7. ಸರಿಯಾಗಿ 7ಕ್ಕೇ ಬಂದಿದೆ!

ಶ್ರೇಣಿಯನ್ನು 100ರಿಂದ 220 ಮಾಡಿದೆ, ಲೀಸ್ ಒಂದು ದಿನ ಮಾಡಿದೆ. ಐದೂ ಬಂದವು.

ಹಳೇ_ಸರ್ವರ್ · ಬುಧವಾರ ಮಧ್ಯಾಹ್ನ 12:30

ಮೇಡಂ, ಶಭಾಷ್. ನಾನು ಹೇಳಬೇಕಾದ್ದು ಏನೂ ಉಳಿದಿಲ್ಲ. ಒಂದು ಮಾತು ಮಾತ್ರ. ಐಪಿಟೇಬಲ್ಸ್‌ನಲ್ಲಿ ಕೈಯಿಂದ ಹಾಕಿದ ಸಾಲು ರೀಬೂಟ್ ಆದರೆ ಹೋಗುತ್ತದೆ. ಅದನ್ನು ಇವತ್ತೇ ಶಾಶ್ವತ ಮಾಡಿ.

ರಾತ್ರಿಪಾಳಿ · ಬುಧವಾರ ಮಧ್ಯಾಹ್ನ 2:15

ಮುಂದೆ ಈ ಥ್ರೆಡ್ ಹುಡುಕಿಕೊಂಡು ಬರುವವರಿಗೆ ಒಂದು ಸೇರಿಸುತ್ತೇನೆ. ಮೇಡಂ ಅವರಿಗೆ ಡಿಸ್ಕವರ್ ಹೋಸ್ಟ್‌ನಲ್ಲಿ ಸತ್ತಿತ್ತು, ಆಮೇಲೆ ರೌಟರ್‌ನಲ್ಲಿ. ನಾನು ಒಮ್ಮೆ ಅದಕ್ಕಿಂತ ಕಷ್ಟದ್ದು ನೋಡಿದೆ. ರಾತ್ರಿ ಪಾಳಿ, ಹಳೇ ಲಿನಕ್ಸ್ ಇದ್ದ ಒಂದು ವಿಎಂ, ಡಿಎಚ್‌ಸಿಪಿ ಸರ್ವರ್ ಅದೇ ಹೋಸ್ಟ್ ಮೇಲೆ. ವಿಎಂ ಒಳಗೇ ಟಿಸಿಪಿಡಂಪ್ ಹಾಕಿದರೆ ಆಫರ್ ಕಣ್ಣೆದುರಿಗೇ ಬಂದು ಬೀಳುತ್ತಿದೆ, ಆದರೂ ಕ್ಲೈಂಟ್ ಮತ್ತೆ ಡಿಸ್ಕವರ್ ಕಳಿಸುತ್ತದೆ, ಬಾಗಿಲಿಗೆ ಬಂದ ಅಂಚೆಯನ್ನು ತೆಗೆದುಕೊಳ್ಳದೆ ಅಂಚೆ ಬರಲಿಲ್ಲ ಅಂದ ಹಾಗೆ. ಒಂದು ಗಂಟೆ ಹಾಗೇ ನೋಡುತ್ತಾ ಕೂತಿದ್ದೆ. ಆಮೇಲೆ -ವಿವಿ ಸೇರಿಸಿ ಓಡಿಸಿದಾಗ ಆಫರ್ ಪಕ್ಕದಲ್ಲಿ "ಬ್ಯಾಡ್ ಯುಡಿಪಿ ಚೆಕ್‌ಸಮ್" ಅಂತ ಕಂಡಿತು.

ಆಗುವುದು ಇಷ್ಟು. ಚೆಕ್‌ಸಮ್ (ಪ್ಯಾಕೆಟ್ ದಾರಿಯಲ್ಲಿ ಕೆಟ್ಟಿಲ್ಲ ಅಂತ ಪರೀಕ್ಷಿಸುವ ಸಂಖ್ಯೆ) ಲೆಕ್ಕ ಹಾಕುವ ಕೆಲಸವನ್ನು ಹೋಸ್ಟ್ ನೆಟ್‌ವರ್ಕ್ ಕಾರ್ಡ್‌ಗೆ ಬಿಡುತ್ತದೆ. ಇಲ್ಲಿ ಪ್ಯಾಕೆಟ್ ನಿಜವಾದ ಕಾರ್ಡ್‌ಗೆ ಹೋಗುವುದೇ ಇಲ್ಲ, ಹೋಸ್ಟ್‌ನಿಂದ ನೇರ ವಿಎಂಗೆ. ಲೆಕ್ಕ ಯಾರೂ ಹಾಕುವುದಿಲ್ಲ. ಹೆಚ್ಚಿನ ಪ್ರೋಗ್ರಾಂಗಳಿಗೆ ಕರ್ನಲ್ "ಪರವಾಗಿಲ್ಲ" ಅಂತ ಹೇಳುತ್ತದೆ. ಐಪಿ ಕೇಳುವ ಹಳೇ ಪ್ರೋಗ್ರಾಂ ಡಿಎಚ್‌ಕ್ಲೈಂಟ್ ಮಾತ್ರ ಪ್ಯಾಕೆಟನ್ನು ಹಸಿಯಾಗೇ ಓದಿ ತಾನೇ ಲೆಕ್ಕ ಹಾಕಿ, ತಪ್ಪಿದೆ ಅಂತ ಬಿಸಾಕುತ್ತದೆ. ಐಪಿಟೇಬಲ್ಸ್‌ನ ಮ್ಯಾಂಗಲ್ ಟೇಬಲ್‌ನಲ್ಲಿ, ಪೋಸ್ಟ್‌ರೌಟಿಂಗ್ ಚೈನ್‌ಗೆ, ಯುಡಿಪಿ ಪೋರ್ಟ್ 68ಕ್ಕೆ ಹೋಗುವುದಕ್ಕೆ ಚೆಕ್‌ಸಮ್-ಫಿಲ್ ಹಾಕಿದ ಮೇಲೆ ಒಂದೇ ಸಲಕ್ಕೆ ಐಪಿ ಬಂತು.

ತುಂಗಾತೀರ · ಬುಧವಾರ ರಾತ್ರಿ 8:35

ಹಳೇ_ಸರ್ವರ್ ಸರ್ ಹೇಳಿದ್ದು ಸಂಜೆಯೇ ನಿಜವಾಯಿತು. ಮಳೆ, 5:20ಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಇಪ್ಪತ್ತು ನಿಮಿಷ ಬಂತು, ಆಮೇಲೆ ಸರ್ವರ್ ಆಫ್. ಕರೆಂಟ್ ಬಂದ ಮೇಲೆ ನೋಡಿದರೆ ವಿಎಂಗಳಿಗೆ ಮತ್ತೆ ಐಪಿ ಇಲ್ಲ. ಆ ಸಾಲು ಹೋಗಿತ್ತು. ಮಧ್ಯಾಹ್ನವೇ ಮಾಡಬೇಕಿತ್ತು. ಈ ಸಲ ಗಾಬರಿ ಆಗಲಿಲ್ಲ, ಎಲ್ಲಿ ನೋಡಬೇಕು ಅಂತ ಗೊತ್ತಿತ್ತು. ಶಾಶ್ವತ ಮಾಡುವುದು ಹೇಗೆ? ಐಪಿಟೇಬಲ್ಸ್-ಪರ್ಸಿಸ್ಟೆಂಟ್ ಪ್ಯಾಕೇಜ್ ಹಾಕಲಾ?

ಬೆಣ್ಣೆದೋಸೆ · ಬುಧವಾರ ರಾತ್ರಿ 8:50

ಅದು ಡಾಕರ್ ಹಾಕಿದ ಸಾಲುಗಳನ್ನೂ ಸೇರಿಸಿ ಉಳಿಸುತ್ತದೆ. ಮುಂದೆ ಎರಡೂ ಕಲಸಿಹೋಗುತ್ತವೆ. ಬೂಟ್ ಆಗುವಾಗ ತಾನಾಗಿ ಓಡುವ ಒಂದು ಸಣ್ಣ ಸಿಸ್ಟಮ್‌ಡಿ ಸರ್ವಿಸ್ ಬರೆಯಿರಿ ಮೇಡಂ. ಟೈಪ್ ಒನ್‌ಶಾಟ್. ಆಫ್ಟರ್ ಡಾಕರ್ ಸರ್ವಿಸ್. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ಅದೇ ಒಂದು ಸಾಲು, ಐಪಿಟೇಬಲ್ಸ್‌ನ ಪೂರ್ತಿ ದಾರಿ ಸೇರಿಸಿ. ವಾಂಟೆಡ್‌ಬೈ ಮಲ್ಟಿ-ಯೂಸರ್ ಟಾರ್ಗೆಟ್. ಎನೇಬಲ್ ಮಾಡಿದ ಮೇಲೆ ಒಮ್ಮೆ ಹೋಸ್ಟ್ ರೀಬೂಟ್ ಮಾಡಿಯೇ ನೋಡಿ. ನೋಡದೆ ಮನೆಗೆ ಹೋಗಬೇಡಿ.

ತುಂಗಾತೀರ · ಬುಧವಾರ ರಾತ್ರಿ 9:40

ಮಾಡಿದೆ. ಎರಡು ಸಲ ರೀಬೂಟ್ ಮಾಡಿದೆ. ಎರಡು ಸಲವೂ 12 ವಿಎಂಗೂ ಐಪಿ ಬಂತು. ಆ ಇಬ್ಬರು ಹುಡುಗರೂ ಜೊತೆಗೇ ಇದ್ದರು, ಸರ್ವಿಸ್ ಫೈಲ್ ಅವರೇ ಟೈಪ್ ಮಾಡಿದರು.

ತುಂಗಾತೀರ · ಗುರುವಾರ ಬೆಳಿಗ್ಗೆ 9:12

12 ವಿಎಂ, 12 ಐಪಿ. ಪ್ರತಿ ಪಿಸಿಯ ಮುಂದೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಎಕ್ಸ್‌ಟರ್ನಲ್ ಪರೀಕ್ಷಕರು ಬಂದರು, ಹೊರಡುತ್ತೇನೆ.